ಒಂಬತ್ತನೆಯ ಪ್ರಶ್ನೆ

ಓಪಿಡಿ ಮುಗಿದ ಮೇಲೆ, ಎರಡೂವರೆಗೆ,
ಇಂಜೆಕ್ಷನ್ ರೂಮಿನ ಪಕ್ಕದ ಕೋಣೆಯ ಬೀಗ ತೆಗೆಯುತ್ತೇನೆ.
ಫ್ಯಾನು ಹಾಕಿದರೆ ಹಾಳೆ ಹಾರುತ್ತವೆ,
ಹಾಕದಿದ್ದರೆ ಬಂದವರು ಬೆವರುತ್ತಾರೆ.
ಹಾಳೆಗಳ ಮೇಲೆ ಬಿಪಿ ಮಿಷನ್ ಹೇರಿ
ಫ್ಯಾನು ಹಾಕುತ್ತೇನೆ.

ಹದಿನೇಳು ವರ್ಷ ಮಾನಸಿಕ ವಾರ್ಡಿನಲ್ಲಿ
ಮಾತ್ರೆ ನುಂಗಿದರೋ ಇಲ್ಲವೋ ಎಂದು
ನಾಲಿಗೆ ಎತ್ತಿಸಿ ನೋಡಿದವಳು,
ಈಗ ನಾಲಿಗೆಗೆ ಬಾರದ್ದನ್ನು ಕೇಳಲು ಕೂತಿದ್ದೇನೆ.
ಇದಕ್ಕೆ ಸಂಶೋಧನೆ ಎಂದು ಹೆಸರು.
ಬರುವವರು ಊರು ಬಿಟ್ಟು ಶಿವಮೊಗ್ಗಕ್ಕೆ ಬಂದವರು,
ಬಿಟ್ಟದ್ದೇಕೆಂದು ಊರಿಗೆ ಹೇಳದೆ ಬಂದವರು.

ತುಂಗಾನಗರದಿಂದ ಇಬ್ಬರು, ಒಂದೇ ಸ್ಕೂಟಿಯಲ್ಲಿ:
“ಓನರಿಗೆ ಅಕ್ಕತಂಗಿ ಅಂದಿದೀವಿ, ಸಿಸ್ಟರ್.”
ನನ್ನನ್ನೂ ಹಾಗೇ ಕರೆದೆನಲ್ಲ ಎಂದು ಅವಳಿಗೇ ನಗು.
ಇನ್ನೊಬ್ಬಳು ನಗಲಿಲ್ಲ. ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು.

ಗುರುವಾರ, ಕುಕನೂರಿನ ದ್ಯಾಮಣ್ಣ.
“ಆಧಾರಿನ್ಯಾಗ ಹಂಗೈತ್ರಿ. ನೀವು ದ್ಯಾಮವ್ವ ಅನ್ರಿ.”
ಮಾಚೇನಹಳ್ಳಿ ಫೌಂಡ್ರಿಯ ರಾತ್ರಿಪಾಳಿ ಮುಗಿಸಿ
ನಿದ್ದೆ ಮಾಡದೆ ಬಂದಿದ್ದಳು. ಕೈ ಅಲುಗಿಸಿದರೆ
ಅಂಗಿಯ ತೋಳಿನಿಂದ ಎರಕದ ಕರಿಮರಳು
ಫಾರಮ್ಮಿನ ಮೇಲೆ ಉದುರುತ್ತಿತ್ತು.

ಶಾಶ್ವತ ವಿಳಾಸ?
“ಇಲ್ರಿ.”
ಆ ಗೆರೆ ಖಾಲಿ ಬಿಡುವುದು ನನಗೇನು ಹೊಸದಲ್ಲ,
ನಮ್ಮಜ್ಜನ ಊರು ಶರಾವತಿಯ ನೀರಿನಡಿ ಇದೆ.

ಕಳೆದ ಎರಡು ವಾರದಲ್ಲಿ ನಿದ್ದೆ? “ಪಾಳಿ ಹೆಂಗೋ ಹಂಗ.”
ಹಸಿವು? “ಅದೇನ್ ತಪ್ಪಂಗಿಲ್ರಿ.”
ನಿಮ್ಮ ಮೇಲೆ ನಿಮಗೇ ಬೇಸರ?
“ನನಗ್ಯಾಕ್ರಿ? ಅದಕ್ಕ ಬ್ಯಾರೆ ಮಂದಿ ಅದಾರಲ್ಲ.”
ಯಾವ ಚೌಕಕ್ಕೆ ಟಿಕ್ ಹಾಕಲಿ?

“ಸರಿ, ಈಗ ಒಂಬತ್ತು” ಎಂದೆ, ಹಾಳೆ ನೋಡುತ್ತಲೇ.

ಮರಳು ಉದುರುವುದು ನಿಂತಿತು.

ಕನ್ನಡ ಶಾಲೆಯಲ್ಲೇ ಕಲಿತವಳು ನಾನು,
ಆಟದ ಬಯಲಲ್ಲಿ ಆ ಅಂಕಿ
ಯಾರ ಬೆನ್ನಿಗೆ ಬೀಳುತ್ತದೆಂದು ಗೊತ್ತಿದ್ದವಳು.
ಬಿದ್ದಾಗ ನಕ್ಕವಳೂ ಇರಬೇಕು;
ನೆನಪಿಲ್ಲ ಎನ್ನುವುದು ಸುಲಭ.

“ಮಾಸ್ತರು ಮಗ್ಗಿ ಹೇಳಸೂ ಮುಂದ” ಅಂದಳು,
“ಎಂಟರದು ಮುಗದ್ರ ಸಾಕು,
ಇಡೀ ಕ್ಲಾಸು ನನ್ನ ಕಡೆ ತಿರಗತಿತ್ತು.
ಇವತ್ತಿಗೂ ಎಣಿಸೂ ಮುಂದ
ಎಂಟಾದ ಮ್ಯಾಲೆ ಹತ್ತಂತೀನ್ರಿ.
ಲೆಕ್ಕದಾಗ ಒಂದು ಅಚ್ಚು ಹೆಚ್ಚಿಗಿ ಬರತೈತಿ,
ಸೂಪರ್ವೈಸರ್ ಬೈತಾನ.
ಇರ್ಲಿ, ಕೇಳ್ರಿ. ಏನೈತಿ ಅದರಾಗ?”

ಅದರಲ್ಲಿರುವುದು:
ಸತ್ತಿದ್ದರೇ ಚೆನ್ನಾಗಿತ್ತು ಅನಿಸಿದ್ದಿದೆಯೇ.
ಹಾಳೆ ಮಗುಚಿಟ್ಟು ಕೇಳಿದೆ.
ಅವಳು ಹೇಳಿದಳು. ನಾಲ್ಕೂಕಾಲರ ತನಕ ಹೇಳಿದಳು.
ಅದು ಇಲ್ಲಿ ಬರೆಯುವಂಥದ್ದಲ್ಲ.

ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ.
ಸೋಮವಾರ ಮತ್ತೆ ಬಾ ಎಂದು ನನ್ನ ಸ್ವಂತ ನಂಬರ್ ಕೊಟ್ಟೆ:
ಹತ್ತು ಅಂಕಿ, ಅದರಲ್ಲಿ ಮೂರು ಒಂಬತ್ತು.
ಒತ್ತಿಕೊಳ್ಳುತ್ತ ಅವಳೇ ನಕ್ಕಳು.

ರಾತ್ರಿ ಫಾರಮ್ಮು ತಿದ್ದಿದೆ. ಎಂಟರ ನಂತರ ಹತ್ತು.
ಗೈಡ್ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ,
‘ಕ್ರಮಸಂಖ್ಯೆ ತಪ್ಪಿದೆ, ಸರಿಪಡಿಸಿ.’
ಸ್ಕ್ಯಾನಿನಲ್ಲಿ ಬಿದ್ದ ಕರಿ ಚುಕ್ಕಿಗಳಿಗೂ
ಸುತ್ತ ಗೆರೆ ಎಳೆದು,
‘ಇದೇನು?’