ರುಬ್ಬುಗುಂಡು

ಕಡಲು ಕಂಡವರಲ್ಲ ನಾವು.
ಆದರೂ ಮಾರ್ಕೋನಹಳ್ಳಿ ತುಂಬಿದ ರಾತ್ರಿ
ಸೈಫನ್ನು ತಾನೇ ಗುಟುಕರಿಸಿ ಎಳೆಯತೊಡಗಿದರೆ
ಹರಿಗೋಲು ಬುಗುರಿ.

ಹುಟ್ಟು ಮುರಿಯಿತು. ಅಪ್ಪ ಬೈದದ್ದು ಗಾಳಿಯನ್ನೋ,
ಬಲೆ ತಬ್ಬಿ ಕೂತಿದ್ದ ನನ್ನನ್ನೋ.
ಅವ್ವನ ಮಡಿಲಲ್ಲಿ ತಮ್ಮ,
ಟಾರ್ಚು, ಟವೆಲಿನಲ್ಲಿ ಸುತ್ತಿದ ಮುದ್ದೆ.

ಅಜ್ಜಿ ಲಕ್ಕನರಸಮ್ಮ ಮಾತ್ರ
ಗಳ ಇಳಿಸಿ ನೀರಿನ ತಳ ತಡವುತ್ತಿದ್ದಳು,
ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವ ಹಾಗೆ:
"ಇದು ಗೋಡು. ಇದು ಕಲ್ಲು.
ತಡಿ, ಇದು ನಿಂಗಣ್ಣನ ಹೊಲದ ಹುಣಸೆ ಬೊಡ್ಡೆ.
ಬಿಡ್ರೋ ಗುಂಡು!"

ಹಗ್ಗ ಬಿಗಿದ ರುಬ್ಬುಗುಂಡು ಮುಳುಗಿ
ಬೇರಿಗೆ ಸಿಕ್ಕಿಕೊಂಡಿತು. ನಿಂತೆವು.
ಬೆಳಕಾಗಿ ನೋಡಿದರೆ ದಡ ಮೂರೇ ಮಾರು.

ಗುಂಡು ಮೇಲೆ ಬರಲಿಲ್ಲ; ಹಗ್ಗ ಕೊಯ್ದೆವು.
ಈಗಲೂ ಅವ್ವ ಚಟ್ನಿಗೆ ಪಕ್ಕದ ಮನೆಗೆ ಹೋಗುತ್ತಾಳೆ.
ಅಲ್ಲಿ ಹಾಯುವಾಗೆಲ್ಲ ಅಪ್ಪ
ಹೊಸ ಹುಟ್ಟು ಎತ್ತಿ, ಒಂದು ಗಳಿಗೆ ಸುಮ್ಮನಾಗುತ್ತಾನೆ.