ಎಳೆ ತಪ್ಪಿದ ಕೋಟು

ಊರ ಹೆಸರಿಗೆ ದೋಣಿ ಅಂತ ಅರ್ಥ. ಹೊಳೆ ಮಾತ್ರ ಇಲ್ಲ.
ಇದ್ದವನ್ನೆಲ್ಲ ಗಿರಣಿಯವರು ಬಣ್ಣ ತೊಳೆದು ತೊಳೆದು
ಕೊನೆಗೆ ನೆಲದಡಿಯ ಕೊಳವೆಗೆ ತುರುಕಿದರು.
ಪೋಲೆಂಡಿನ ಈ ವುಚ್ ನಗರದಲ್ಲಿ
ಮಂಗಳವಾರ ಮಧ್ಯಾಹ್ನ ಎರಡಕ್ಕೆ
ಹಳೆಯ ಸಿನಿಮಾ, ಅರ್ಧ ಟಿಕೆಟ್ಟು.
ಬರುವವರು ಹನ್ನೊಂದು ಜನ, ಹಿಮ ಬಿದ್ದರೆ ಒಂಬತ್ತು.
ನಾನು ಮೇಲಿನ ಗೂಡಿನಲ್ಲಿ, ಪ್ರೊಜೆಕ್ಟರಿನ ಪಕ್ಕ.

ಲುತ್ಸಿಯಾನ್ ಬರುವುದು ನಿದ್ದೆಗೆ.
ನಾಯಕ ರೈಲು ಹತ್ತುವಾಗ ಸರಿಯಾಗಿ ಎದ್ದು
ಪಕ್ಕದವರನ್ನು ಕೇಳುತ್ತಾನೆ: "ಹೋದನೋ?"
ಕಲೀನಾ, ಹತ್ತೊಂಬತ್ತರವಳು, ಬರುವುದು ಟೆಲಿಫೋನಿಗೆ.
ಡಯಲಿನ ತೂತಿನಲ್ಲಿ ಬೆರಳಿಟ್ಟು ತಿರುಗಿಸಿ
ಅದು ಗರಗರ ವಾಪಸು ಬರುವವರೆಗೂ
ಕಾಯುತ್ತಾರಲ್ಲ ಜನ,
ಆ ಮುಖಗಳನ್ನು ನೋಡುವುದಕ್ಕೆ.
"ಒಂಬತ್ತನ್ನು ತಿರುಗಿಸುವಷ್ಟರಲ್ಲಿ
ಮನಸ್ಸು ಬದಲಾಯಿಸಬಹುದಿತ್ತು ಆಗ" ಅನ್ನುತ್ತಾಳೆ.

ನನಗೆ? ನನಗೆ ಒಂದು ನಾಯಿ.
ಮುತ್ತಿನ ಹೊತ್ತಿಗೆ ಬಲಗಡೆಯ ಅಂಚಿನಲ್ಲಿ
ಯಾರೂ ಕರೆಯದೆ ಬಂದು, ಕಂಬ ಮೂಸಿ, ಹೋಗುವ ನಾಯಿ.
ನಿರ್ದೇಶಕನಿಗೂ ಗೊತ್ತಿರಲಿಕ್ಕಿಲ್ಲ.
ಅರವತ್ತು ಚಿಲ್ಲರೆ ವರ್ಷದಿಂದ ಅದೇ ಕಂಬಕ್ಕೆ ಬರುತ್ತದೆ,
ಪ್ರತಿಸಲವೂ ಮೊದಲ ಸಲದ ಹಾಗೆ ಮೂಸುತ್ತದೆ.

ಗೆನೊವೇಫಾ ಬರುವುದು ಬಟ್ಟೆಗೆ.
ನಲವತ್ತು ವರ್ಷ ಮಗ್ಗದ ಮುಂದೆ ನಿಂತವಳು.
ಲಾಳಿಯ ಸದ್ದಿಗೆ ಎಡಗಿವಿ ಹೋಗಿದೆ,
ಸಂಭಾಷಣೆಯನ್ನು ಅರ್ಧ ಮಾತ್ರ ನಂಬುತ್ತಾಳೆ.
ಕಣ್ಣು ಸೂಜಿ.
ಕತ್ತಲಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಾಳೆ:
"ಅದು ಪೂರ್ತಿ ಉಣ್ಣೆಯಲ್ಲ, ಅರ್ಧ ಹತ್ತಿ."
"ಕೌಂಟೆಸ್ಸಿನ ಪರದೆ ನಮ್ಮ ಕ್ಯಾಂಟೀನಿನದು."
"ಈ ಕೋಟು ಬೂದಿಯಲ್ಲ, ಬಾಟಲಿ ಹಸಿರು. ನೂಲು ಬಣ್ಣ ಬಿಟ್ಟು
ವಾರವಿಡೀ ನನ್ನ ಉಗುರೂ ಹಸಿರು."
ಮೊದಮೊದಲು ಶ್ ಶ್ ಅನ್ನುತ್ತಿದ್ದರು. ಈಗ ಕಾಯುತ್ತಾರೆ.
ಕಪ್ಪು-ಬಿಳುಪು ಅನ್ನುವುದು ಬರೀ ನಮಗೇ ಏನೋ.
ಈಗ ನಾಯಕಿ ಮೆಟ್ಟಿಲಿಳಿದರೆ
ಗೋಡೆಗೆಲ್ಲ ಹಸಿರು ತಾಗುತ್ತದೆ.

ಆ ಕೋಟಿನ ಎಡ ಹೆಗಲಿಗೆ ಒಂದು ಗೆರೆ ಇದೆಯಂತೆ.
ರಾತ್ರಿ ಪಾಳಿ, ತೂಕಡಿಕೆ, ಈ ಕಲೀನಾಳ ವಯಸ್ಸು.
ಹಾಸಿನ ಒಂದೆಳೆ ಕಡಿದದ್ದು ಕಾಣದೆ
ಇಪ್ಪತ್ತು ಮೀಟರು ನೆಯ್ದಳಂತೆ.
ಅರ್ಧ ದಿನದ ಕೂಲಿ ಮುರಿದುಕೊಂಡರು.
ಆ ಥಾನನ್ನು ಸಿನಿಮಾದವರು
ಕಾಲು ಬೆಲೆಗೆ ಎತ್ತಿಕೊಂಡು ಹೋದರು.
"ನಾಯಕಿಗೇ ಹೊಲಿದರು, ನನ್ನ ತಪ್ಪನ್ನು."

ಮುದುಕಿ ರೀಲು ಬಿಡುತ್ತಾಳೆ ಅಂದರು.
ಪರದೆಯಲ್ಲಿ ಗೆರೆಯಿಲ್ಲ.
ಹೋದ ವರ್ಷ ರಾಜಧಾನಿಯಿಂದ ಬಂದ ಹೊಸ ಪ್ರತಿ:
ಧೂಳು, ಗೀರು, ಮಿಣುಕು ಎಲ್ಲ ಒರೆಸಿ
ಹಾಲಲ್ಲಿ ತೊಳೆದ ಹಾಗಿದೆ.
ಅವಳು ಮೂರು ಸಲ ನೋಡಿದಳು. ನಾಲ್ಕನೆಯ ಸಲ
ಎಂಬತ್ತಾರರ ಕಾಲಿನಲ್ಲಿ ನನ್ನ ಗೂಡಿಗೇ ಹತ್ತಿ ಬಂದಳು, ಏದುತ್ತ:
"ಸವರಿಬಿಟ್ಟಿದ್ದಾರೆ. ಫಿಲ್ಮಿನ ಗೀರು ಅಂದುಕೊಂಡು."

ಹಳೆಯ ಡಬ್ಬಗಳು ಬೀರುವಿನ ಹಿಂದಿದ್ದವು,
ವಿನೆಗರ್ ವಾಸನೆ ಹೊಡೆಯುತ್ತ.
ಮೊನ್ನೆ ಮಂಗಳವಾರ, ಯಾರನ್ನೂ ಕೇಳದೆ, ಅದನ್ನೇ ಏರಿಸಿದೆ.
ಪರದೆಯ ತುಂಬ ಉದ್ದುದ್ದ ಗೀರು, ಜಡಿಮಳೆಯಂತೆ.
ಅಂಟಿಸಿದ ಎರಡು ಕಡೆ ಚಿತ್ರ ಕುಪ್ಪಳಿಸಿತು,
ಲುತ್ಸಿಯಾನ್ ರೈಲಿಗೆ ಮೊದಲೇ ಎಚ್ಚರಾದ.
ಕೋಟು ಮೆಟ್ಟಿಲಿಳಿಯತೊಡಗಿತು.
ಇಷ್ಟು ಗೀರುಗಳ ನಡುವೆ ಇನ್ನೊಂದು ಗೀರು,
ಹೇಗೆ ಗುರುತು ಹಿಡಿಯುವುದು?
ಆಗ ನಾಯಕಿ, ಯಾರೋ ಕರೆದಂತೆ, ತಿರುಗಿದಳು.
ಗೀರುಗಳೆಲ್ಲ ನೆಟ್ಟಗೆ ಇದ್ದಲ್ಲೇ ನಿಂತವು.
ಒಂದು ಮಾತ್ರ
ಹೆಗಲಿನ ಜೊತೆ ತಿರುಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಲೀನಾ
"ಅಯ್ಯೋ" ಅಂದಳು, ಸಣ್ಣಗೆ.
ಗೆನೊವೇಫಾ ಪೆಪ್ಪರ್‌ಮಿಂಟಿನ ಕಾಗದ ಬಿಡಿಸುವ ಸದ್ದು
ನನ್ನ ಗೂಡಿಗೂ ಕೇಳಿಸಿತು.
"ಇಪ್ಪತ್ತಲ್ಲ, ಇಪ್ಪತ್ತೆರಡು ಮೀಟರು"
ಎಂದು ಕತ್ತಲನ್ನು ತಿದ್ದಿದಳು.
ನಾಯಿ ಬರಲು ಇನ್ನೂ ಎರಡು ನಿಮಿಷವಿತ್ತು.