ಗೆರಿ ಎಲ್ಲೀತನಕ

ವರ್ಗಮೂಲದ ಮೊಳೆ ನಮ್ಮ ಪ್ರೆಸ್ಸಿನ್ಯಾಗ ಇರಲಿಲ್ಲ.
ಮುರುಕು ಇಂಗ್ಲಿಷ್ ವಿ ಒಂದನ್ನ ಕಾನಸಿಲೆ ತಿಕ್ಕಿ ಕೊಕ್ಕಿ ಮಾಡಿ
ಅದರ ತುದಿಗೆ ಹಿತ್ತಾಳಿ ಗೆರಿ ಹಚ್ಚತಿದ್ದೆ.
ಗದಗಿನ ಟಾಂಗಾ ಕೂಟದ ಹಿಂದ, ಒಂದ ಟ್ರೆಡಲ್ಲು, ನಾನೊಬ್ಬನ.
ಕಳಸಾಪೂರ ಮಾಸ್ತರ ರವಿವಾರದ ಪರೀಕ್ಷೆ, ನಲವತ್ತು ಪ್ರತಿ.
ಕೊನೀ ಪ್ರಶ್ನೆ: ಎಕ್ಸ್ ಮೈನಸ್ ಮೂರು, ಎಲ್ಲಾದರ ಮ್ಯಾಲೂ ಒಂದ ಗೆರಿ,
ಈ ಉತ್ಪನ್ನದ ಕ್ಷೇತ್ರ ಬರೆಯಿರಿ.
ಸೊಗಲ ಅಂತಲೋ ಗಾಣಗಾಪುರ ಅಂತಲೋ ಬರೀತಾರೇನೋ ಅಂದ್ಕೊಂಡೆ,
ಏಳನೇತ್ತ ಸಾಲಿ ಬಿಟ್ಟಾವ ನಾ.

ಕರೆಂಟು ಹೋಗಿತ್ತು. ಕಂದೀಲು.
ಗೆರಿ ಗಿಡ್ಡ ಬಿತ್ತು,
ಎಕ್ಸಿನ ತಲಿ ಅಷ್ಟ ಮುಚ್ಚಿತು,
ಮೈನಸ್ ಮೂರು ಹೊರಗ, ಬಿಸಲಾಗ.

ಸೋಮವಾರ ಮಾಸ್ತರು ಬಂದರು, ಸೈಕಲ್ಲಿಗೆ ಸ್ಟ್ಯಾಂಡೂ ಹಾಕಲಿಲ್ಲ.
ಬೈತಾರ ಅಂತ ಮಸಿ ಕೈ ಒರಸ್ಕೋತ ನಿಂತೆ.
ರದ್ದಿ ಹಾಳಿ ಎಳಕೊಂಡು ಉದ್ದಕ ಒಂದು ಗೆರಿ ಹೊಡದರು.
“ಫಕೀರಪ್ಪ, ಮೂಲದ ಗೆರಿ ಅಂದರ ಮಾಡು. ಮಾಡಿನ ಕೆಳಗ
ಸೊನ್ನಿ ಇರಬಹುದು, ಸೊನ್ನಿಗಿಂತ ಜಾಸ್ತಿ ಇರಬಹುದು,
ಋಣ ಇರಬಾರದು.
ಯಾವ ಅಂಕಿನ ಅದರಿಂದನ ಗುಣಿಸಿ ನೋಡು, ಋಣ ಬರೂದಿಲ್ಲ.
ಬರಲಾರದ್ದರ ಮೂಲ ಎಲ್ಲಿ ಹುಡುಕ್ತಿ?”

ಋ ಮೊಳೆ ನಮ್ಮಲ್ಲಿ ಎರಡ ಇದ್ದವು,
ಲಗ್ನಪತ್ರದ ಋಣಾನುಬಂಧಕ್ಕ ಒಂದು ಸವದಿತ್ತು.

“ಈಗ ಎರಡನ್ನ ತಗೋ.
ನನ್ನ ಗೆರಿ ಕೆಳಗ, ಎರಡರಾಗ ಮೂರು ಕಳದರ, ಋಣ ಒಂದು. ನಡಿ ಹೊರಗ.
ನಿನ್ನ ಗೆರಿ ಕೆಳಗ ಬರೇ ಎರಡು. ಆರಾಮ ಕುಂತದ.
ನನ್ನ ಕ್ಷೇತ್ರ ಮೂರರಿಂದ, ನಿಂದು ಸೊನ್ನಿಯಿಂದ.
ಅರ್ಧ ಬೆರಳು ಹಿತ್ತಾಳಿಗೆ
ಎರಡು ಒಳಗ ಬಂದ ಬಿಟ್ಟಿತು. ಎರಡೂವರೀನೂ.”

ನಗತಿದ್ದರೋ, ಏನೋ.
ಉಳಿದ ಹುಡುಗರು ಅಚ್ಚಾದದ್ದನ್ನ ನಂಬಿ ಸೊನ್ನಿ ಬರದಿದ್ದರು.
ಬೆಟಗೇರಿಯ ಸುಲೋಚನಾ ಕಬಾಡಿ,
ಮಗ್ಗದಾಗ ಹರದ ಎಳಿ ಹುಡುಕಿ ರೂಢಿ ಇದ್ದಾಕಿ,
ಎರಡೂ ಉತ್ತರ ಬರದು ಕೆಳಗ ಕೇಳಿದ್ದಳಂತ:
ಗೆರಿ ಎಲ್ಲೀತನಕ, ಸರ?

ಮೂರರ ಮ್ಯಾಲೆ ಚುಕ್ಕಿ ಇಟ್ಟು ಪೆನ್ಸಿಲಿಲೆ ತುಂಬಿದರು ಮಾಸ್ತರು.
ಮೂರೂ ಒಳಗ. ಸೊನ್ನಿಗೆ ಮೂಲ ಐತಿ, ಸೊನ್ನೀನ.
ಇದ ಮಾಡು ಛೇದದಾಗ ಬಂದರ ಮಾತ್ರ ಚುಕ್ಕಿ ಪೊಳ್ಳು.
ತುಂಬಿದ್ದು ಪೂರ್ಣವಿರಾಮ, ಪೊಳ್ಳು ಅನುಸ್ವಾರ,
ಖಾನೆಯೊಳಗ ಎರಡೂ ಭಾಳ ಅದಾವ ಅಂದೆ.

ಹೊಸ ಗೆರಿ ಕತ್ತರಿಸಿದೆ. ಅಂಜಿ ಈ ಸಲ ಉದ್ದಾತು,
ಮೂರು ದಾಟಿ ಒಂದೀಟು ಆಚೆ ಚಾಚಿತು.
ಮಾಸ್ತರು ಚಷ್ಮಾ ಏರಿಸಿ ನೋಡಿದರು.
“ಇರಲಿ ಬಿಡು,” ಅಂದರು, “ಅಲ್ಲಿ ಯಾರೂ ಇಲ್ಲ.”